ಮುತ್ತು ಪೋಣಿಸಿದ ಹಲ್ಲು

ಡಿಸೆಂಬರ್ 18, ಬೆಳಿಗ್ಗೆ

ಮತ್ತೆ ಎರಡು ಬಾಯಿಯ ಅಚ್ಚು ಬಂದಿವೆ. ರಜೆ ಹತ್ತಿರ ಬಂತೆಂದರೆ ಬೊಚ್ಚುಬಾಯಿಗಳಿಗೆಲ್ಲ ಒಮ್ಮೆಲೇ ಹಲ್ಲು ಬೇಕು. ಮಕ್ಕಳು ಮೊಮ್ಮಕ್ಕಳು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಅಷ್ಟರೊಳಗೆ ಕೊಡಿ ಎಂದು ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಫೋನಿನ ಮೇಲೆ ಫೋನ್. ಬಾಯಿ ನೋಡುವುದು ಅವರ ಕೆಲಸ. ಅಚ್ಚು ನೋಡಿ ಹಲ್ಲಿನ ಸೆಟ್ ಮಾಡುವುದು ನನ್ನದು. ಮನೆಯ ಮುಂದಿನ ಕೋಣೆಯೇ ಲ್ಯಾಬ್. ಮೂಗಿನೊಳಗೆಲ್ಲ ಪ್ಲಾಸ್ಟರ್ ಪುಡಿ.

ಇದರ ಮಧ್ಯೆ ಇವಳಿಗೊಂದು ಹೊಸ ಗೀಳು. ಇವಳ ಆಫೀಸಿನಲ್ಲಿ ಎಲ್ಲರೂ ಒಪ್ಪಂದ ಮಾಡಿಕೊಂಡಿದ್ದಾರಂತೆ — ವರ್ಷ ಮುಗಿಯುವವರೆಗೆ ದಿನಕ್ಕೊಬ್ಬರಿಗೆ ಥ್ಯಾಂಕ್ಸ್ ಹೇಳುವುದು, ಒಂದು ಒಳ್ಳೆ ಕೆಲಸ ಮಾಡುವುದು, ಹತ್ತು ನಿಮಿಷ ಕೂತು ತನ್ನೊಳಗೆ ನೋಡಿಕೊಳ್ಳುವುದು. ಮಾಡಿಕೊಳ್ಳಲಿ, ನನ್ನನ್ನೇಕೆ ಎಳೆಯಬೇಕು?

“ನೀವು ಬಾಯಿ ಬಿಟ್ರೆ ಬರೋದು ಬೈಗುಳ ಒಂದೇ. ರಜೆ ಮುಗಿಯೋವರೆಗೆ ಅದಕ್ಕೂ ರಜೆ ಕೊಡಿ,” ಅಂದಳು. “ಅಪ್ಪನಿಂದ ಶುರು ಮಾಡಿ.”

ಸರಿಯಾಗಿ ಹುಣ್ಣಿನ ಮೇಲೆಯೇ ಬೆರಳಿಟ್ಟಳು.

ಅದೇ ದಿನ, ಊಟದ ನಂತರ

ಮಾವನಿಗೆ ನಾನು ಮಾಡಿಕೊಟ್ಟ ಸೆಟ್ ಸ್ಟ್ಯಾಂಡಿನ ಮೇಲೆ ಗಾಜಿನ ಲೋಟದ ನೀರಿನಲ್ಲಿ ಕೂತಿದೆ. ಎರಡು ವರ್ಷದಿಂದ ಅಲ್ಲೇ ಇದೆ. ಈ ಮನೆಯಲ್ಲಿ ನನ್ನನ್ನು ಕಂಡರೆ ನಗುವುದು ಅದೊಂದೇ.

ಹೇಗಿದೆ ಎಂದು ಆಗ ಕೇಳಿದ್ದೆ. “ಭೇಷಾಗಿದೆ ಅಳಿಯಂದಿರೇ. ಮುತ್ತು ಪೋಣಿಸಿದ ಹಾಗಿದೆ,” ಅಂದರು. ಮರುದಿನವೇ ತೆಗೆದಿಟ್ಟರು. ಅಂದಿನಿಂದ ಎಲ್ಲವನ್ನೂ ಕಲಸಿ, ಹಿಸುಕಿ, ನುಂಗುವುದು. ಜನ ಬಂದರೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಳ್ಳುವುದು. ಹೊಸ ವರ್ಷಕ್ಕೆ ಇವಳ ತಂಗಿಯರ ಸಂಸಾರವೆಲ್ಲ ಇಲ್ಲಿಗೇ ಬರುತ್ತದೆ. ಗುಂಪು ಫೋಟೋದಲ್ಲಿ ಮಾವನ ತುಟಿ ಗಟ್ಟಿಯಾಗಿ ಮುಚ್ಚಿರುತ್ತದೆ. ಷಡ್ಡಕ ಪ್ರತಿ ಸಲ ಕೇಳುತ್ತಾನೆ, “ಊರಿಗೆಲ್ಲ ಹಲ್ಲು ಕಟ್ಟಿ ಕೊಡ್ತೀರಿ, ಮಾವನಿಗೇ ಇಲ್ವಾ?” ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಷಡ್ಡಕನ ಮಾತು ಹಾಳಾಗಲಿ. ಮಾವನಿಗೆ ನನ್ನ ಕೈಕೆಲಸ ಹಿಡಿಸಲಿಲ್ಲವಲ್ಲ — ನೋವು ಅದು. ಕೆಲಸವೋ, ನಾನೋ, ಯಾವುದು ಹಿಡಿಸಲಿಲ್ಲವೋ.

ಡಿಸೆಂಬರ್ 19

ಹೇಳಿದೆ. “ಬೆಳಿಗ್ಗೆ ಹಾಲು ತಂದಿದ್ದಕ್ಕೆ ಥ್ಯಾಂಕ್ಸ್ ಮಾವ.”

ಮಾವ ನನ್ನನ್ನೇ ನೋಡಿದರು. ಎದ್ದು ಒಳಗೆ ಹೋದರು. ಆಮೇಲೆ ಅಡುಗೆಮನೆಯಿಂದ ಪಿಸುದನಿ: “ಅಳಿಯಂದಿರಿಗೆ ಹುಷಾರಿಲ್ವೇನಮ್ಮಾ? ಮೈ ಮುಟ್ಟಿ ನೋಡು.”

ಹತ್ತು ನಿಮಿಷ ಒಳಗೂ ನೋಡಿಕೊಂಡೆ. ಅಸಿಡಿಟಿ ಇತ್ತು.

ಡಿಸೆಂಬರ್ 20

ಒಳ್ಳೆ ಕೆಲಸದ ಲೆಕ್ಕಕ್ಕೆ ಪಕ್ಕದ ಮನೆಯ ಅಜ್ಜಿಯ ಚೀಲ ಹೊತ್ತು ತಂದೆ. ಅವರು ಹೊರಗೆ ಹೊರಟಿದ್ದರಂತೆ. ಬೈಸಿಕೊಂಡು ವಾಪಸ್ ಹೊತ್ತೆ. ಇವಳು ಬಿದ್ದು ಬಿದ್ದು ನಕ್ಕಳು. ಮಾವ ಟವೆಲ್ ಅಡ್ಡ ಹಿಡಿದು ನಕ್ಕರು.

ಡಿಸೆಂಬರ್ 23, ಸಂಜೆ

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಅವರ ಬಸ್ಸಿನ ಡ್ರೈವರ್ ಇವತ್ತು ನೋಡಲು ಬಂದಿದ್ದರು. ದೊಡ್ಡ ಗಂಟಲು, ದೊಡ್ಡ ಹೊಟ್ಟೆ. ಇಬ್ಬರೂ ಮಧ್ಯಾಹ್ನವೆಲ್ಲ ಹರಟಿದರು. ಹೊರಡುವಾಗ ಗೇಟಿನವರೆಗೆ ನಾನು ಹೋದೆ. ಡ್ರೈವರ್ ಹಿಂದೆ ಮುಂದೆ ನೋಡಿ ನನ್ನ ಭುಜ ಹಿಡಿದರು.

“ಯಾರಿಗೂ ಹೇಳಬೇಡ ಅಂತ ನಿಮ್ಮ ಮಾವ ಆಣೆ ಹಾಕಿಸ್ಕೊಂಡಿದ್ದಾನೆ. ಅದಕ್ಕೇ ಹೇಳ್ತಿದ್ದೀನಿ. ಅವನಿಗೆ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿ ಇತ್ತು, ಗೊತ್ತಾ? ಅದರಲ್ಲಿ ಶಿಳ್ಳೆ ಹೊಡೆದ ಅಂದ್ರೆ ಇಂಜಿನ್ ತಾನಾಗೇ ಸ್ಟಾರ್ಟ್ ಆಗಬೇಕು. ಸ್ಟ್ಯಾಂಡಲ್ಲಿ ನಿದ್ದೆ ಮಾಡ್ತಿದ್ದ ನನ್ನನ್ನ ಎಷ್ಟು ಸಲ ಎಬ್ಬಿಸಿದ್ದಾನೋ! ನೀವು ಸಂದಿ ಮುಚ್ಚಿ ಸಾಲಾಗಿ ಜೋಡಿಸಿಬಿಟ್ರಿ. ಹಾಕ್ಕೊಂಡು ಕನ್ನಡಿ ನೋಡಿದ್ರೆ ಯಾರೋ ಬೇರೆಯವನು ನಕ್ಕ ಹಾಗಿರುತ್ತಂತೆ.”

“ನಂಗೆ ಒಂದು ಮಾತು ಹೇಳಬಹುದಿತ್ತಲ್ಲ?”

“ಅಳಿಯಂದಿರು ರಾತ್ರಿ ಹಗಲು ಕೂತು ಮಾಡಿದ್ದು, ನೊಂದ್ಕೋತಾರೆ ಅಂತ. ಮಗಳ ಮನೇಲಿ ಇರೋನಿಗೆ ಬಾಯೆಲ್ಲಿಂದ ಬರಬೇಕು ಸ್ವಾಮೀ?”

ಒಳಗೆ ಬಂದೆ. ಲೋಟದಲ್ಲಿದ್ದ ಸೆಟ್ ತೆಗೆದು ಬೆಳಕಿಗೆ ಹಿಡಿದೆ. ಒಂದೇ ಸಾಲು, ಒಂದೇ ಎತ್ತರ. ಇದನ್ನು ಮಾಡಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಡಿಸೆಂಬರ್ 24

ಹತ್ತು ನಿಮಿಷ ಎಂದು ಕೂತವನು ಒಂದು ಗಂಟೆ ಎದ್ದಿಲ್ಲ.

ಮಾವನಿಗೆ ಸೊಕ್ಕು ಅಂದುಕೊಂಡಿದ್ದೆ. ಎರಡು ವರ್ಷ! ಅವರು ನನ್ನ ಮನಸ್ಸು ನೋಯಬಾರದೆಂದು ಬೊಚ್ಚುಬಾಯಲ್ಲಿ ಉಂಡರು. ನಾನು “ಹೇಗಿದೆ” ಎಂದು ಕೇಳಿದ್ದು ಹೊಗಳಿಸಿಕೊಳ್ಳಲು. ಉತ್ತರ ಬೇಕಿರಲಿಲ್ಲ. ಮುಂಚೆ ಹೇಗಿತ್ತು ಎಂದಂತೂ ಕೇಳಲೇ ಇಲ್ಲ. ಮದುವೆಯಲ್ಲಿ ಅವರು ನಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ — ಸಂದಿ ನೆನಪಿಲ್ಲ. ಹಲ್ಲಿನ ಕೆಲಸದವನಂತೆ! ನಾಚಿಕೆಯಾಗುತ್ತಿದೆ. ಮಾವನ ಮೇಲೆ ಪ್ರೀತಿಯೂ ಉಕ್ಕುತ್ತಿದೆ, ಅದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಇವಳು ಇಣುಕಿ ನೋಡಿ, “ಸಾಕು ಬನ್ನಿ, ಒಂದೇ ದಿನ ಅಷ್ಟು ಒಳಗೆ ಹೋಗಬೇಡಿ,” ಅಂದಳು.

ಡಿಸೆಂಬರ್ 25

ಕೇಳಿಯೇಬಿಟ್ಟೆ. ಮಾವ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು. ಪಕ್ಕದಲ್ಲಿ ಕೂತೆ.

“ಮಾವ, ಆ ಸಂದಿ ಎಷ್ಟು ಅಗಲ ಇತ್ತು?”

ಟವೆಲ್ ಬಾಯಿಗೆ ಹೋಯಿತು. “ಆ ಡ್ರೈವರ್ ಮುಂಡೇದು ಬಾಯಿ ಬಿಟ್ಟನಾ?”

“ಬಿಟ್ಟರು. ಎಷ್ಟಿತ್ತು ಹೇಳಿ.”

“ಬೇಡ ಬಿಡಿ ಅಳಿಯಂದಿರೇ. ನೀವು ಅಷ್ಟು ಚೆನ್ನಾಗಿ...”

“ಮಾವ. ಎಷ್ಟಿತ್ತು?”

ಟವೆಲ್ ಕೆಳಗಿಳಿಸಿದರು. ಆಮೇಲೆ ಮೆಲ್ಲಗೆ, “ಟಿಕೆಟ್ ಪುಸ್ತಕದ ರಟ್ಟು ಇರುತ್ತಲ್ಲ, ಅದು ಸಿಕ್ಕಿಕೊಳ್ಳೋಷ್ಟು. ರಶ್ ಇದ್ದಾಗ ಪುಸ್ತಕ ಹಲ್ಲಿಗೆ ಕಚ್ಚಿಸಿ ಎರಡೂ ಕೈಲಿ ಚಿಲ್ಲರೆ ಕೊಡ್ತಿದ್ದೆ. ಎಡಗಡೆ ಹಲ್ಲು ಸ್ವಲ್ಪ ಮುಂದೆ, ಕತ್ತು ಹೊರಗೆ ಹಾಕಿ ನೋಡೋ ಪ್ಯಾಸೆಂಜರ್ ಥರ.”

ಒಂದು ಹಲ್ಲಿನ ವರ್ಣನೆ ಇಷ್ಟು ಚೆನ್ನಾಗಿ ಯಾವ ಡಾಕ್ಟರೂ ನನಗೆ ಬರೆದು ಕಳಿಸಿಲ್ಲ. ಮಧ್ಯಾಹ್ನವೇ ಕ್ಲಿನಿಕ್ಕಿಗೆ ಕರೆದೊಯ್ದು ಹೊಸ ಅಳತೆ ತೆಗೆಸಿದೆ.

ಡಿಸೆಂಬರ್ 29

ಮೇಣದ ಮೇಲೆ ಹಲ್ಲು ಕೂರಿಸಿ, ಸರಿಯಿದೆಯೇ ನೋಡಲೆಂದು ಕ್ಲಿನಿಕ್ಕಿಗೆ ಕಳಿಸಿದ್ದೆ. ಡಾಕ್ಟರಮ್ಮನ ಫೋನ್: “ಏನ್ರೀ ಇದು, ಮುಂದೆ ಸೊಟ್ಟ ಕೂರಿಸಿ ಸಂದಿ ಬಿಟ್ಟಿದ್ದೀರಲ್ಲ? ರಜೆ ಮೂಡಾ?”

“ಬೇಕಂತಲೇ ಮೇಡಂ.”

“ನೀವಾ? ಒಂದು ಕೂದಲೆಳೆ ಆಚೀಚೆ ಆದ್ರೂ ನನ್ನ ಮೇಲೆ ರೇಗೋರು?”

ಸೊಟ್ಟ ಕೂರಿಸುವುದು ಎಷ್ಟು ಕಷ್ಟ! ಕೈ ತಾನಾಗಿ ನೆಟ್ಟಗೆ ಮಾಡಿಬಿಡುತ್ತದೆ. ಮೂರು ಸಲ ಕಿತ್ತು ಮತ್ತೆ ಕೂರಿಸಿದೆ. ಆದರೆ ಇಷ್ಟು ಖುಷಿಯಾಗಿ ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ.

ಡಿಸೆಂಬರ್ 31

ಸೆಟ್ ಕೊಟ್ಟೆ. ಮಾವ ಅದನ್ನು ಹಿಡಿದು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಬಾಯಿ ಮುಚ್ಚಿತ್ತು, ಕಣ್ಣು ಕೆಂಪಾಗಿತ್ತು. “ಭೇಷಾಗಿದೆ ಅಳಿಯಂದಿರೇ,” ಅಂದರು.

ಹಳೆಯ ಮಾತು. ಇದೂ ಲೋಟಕ್ಕೇ ಹೋಗುತ್ತದೋ ಏನೋ. ಇವಳಿಗೆ ಹೇಳಿಲ್ಲ.

ಜನವರಿ 1, ಮಧ್ಯಾಹ್ನ

ಮನೆ ತುಂಬ ಜನ. ಚಪ್ಪಲಿ ಬಿಡಲೂ ಜಾಗವಿಲ್ಲ. ಬೆಳಿಗ್ಗೆ ಮಾವ ಟವೆಲ್ ಇಲ್ಲದೆ ಹೊರಗೆ ಬಂದರು. ಹಲ್ಲು ಹಾಕಿಕೊಂಡಿದ್ದರು. ನಕ್ಕರು. ಇವಳು “ಅಪ್ಪಾ” ಎಂದು ಓಡಿಹೋಗಿ ಅವರ ಕೈ ಹಿಡಿದಳು. ಇವಳ ಕೊನೆಯ ತಂಗಿಯಂತೂ ಅತ್ತೇಬಿಟ್ಟಳು. ಷಡ್ಡಕ ಸುಮ್ಮನಾದ, ಅದೇ ಒಂದು ಹಬ್ಬ.

ಊಟಕ್ಕೆ ಕರೆದಿದ್ದ ಡ್ರೈವರ್ ಬಿಡುತ್ತಾರೆಯೇ? “ಹೊಡಿಯೋ ಶಿಳ್ಳೆ!” ಮೊದಲ ಸಲ ಬರೀ ಗಾಳಿ. ಎರಡನೆಯದು ಪಂಕ್ಚರ್ ಆದ ಟ್ಯೂಬು. ಮೂರನೆಯದಕ್ಕೆ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರು.

ಊಟಕ್ಕೆ ಕೂತಾಗ ನಾನು ಹತ್ತಿರ ಹೋಗಿ ಕೇಳಿದೆ, “ಹೇಗಿದೆ ಮಾವ?” ಭೇಷಾಗಿದೆ ಎನ್ನುತ್ತಾರೆಂದು ಕಾದೆ.

“ಕೆಳಗಿಂದು ಎಡಗಡೆ ಕಚ್ಚುತ್ತೆ ಕಣಯ್ಯಾ. ನಿನ್ನೆಯಿಂದ ತಡ್ಕೊಂಡಿದ್ದೀನಿ, ಇನ್ನಾಗಲ್ಲ. ಎಂಥ ಕೆಲಸ ಮಾಡ್ತೀಯೋ ನೀನು! ಹಿಡಿ, ಸರಿ ಮಾಡಿ ತಾ, ಊಟ ಆರುತ್ತೆ.”

ಇವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಈಗ ರೇಗುತ್ತಾರೆ ಎಂದು. ಮಾವ ಬಾಯಿಂದ ಸೆಟ್ ತೆಗೆದು ಎಲ್ಲರೆದುರಿಗೇ ನನ್ನ ಅಂಗೈ ಮೇಲಿಟ್ಟರು.

ಇಷ್ಟು ವರ್ಷದಲ್ಲಿ ಮಾವ ನನ್ನನ್ನು ಬೈದದ್ದು ಇದೇ ಮೊದಲು. ನನಗೆ ಆದ ಸಂತೋಷ ಯಾರಿಗೆ ಹೇಳಲಿ! ಒಳಗೆ ಬಂದು ಬಾಗಿಲು ಹಾಕಿ ಮೊದಲು ಇದನ್ನೇ ಬರೆಯುತ್ತಿದ್ದೇನೆ. ಇವತ್ತಿನ ಥ್ಯಾಂಕ್ಸ್ ಈ ಬೈಗುಳಕ್ಕೆ. ಸೆಟ್ ಇನ್ನೂ ಬೆಚ್ಚಗಿದೆ. ಎಡಗಡೆ ಚೂರು ಉಜ್ಜಿದರೆ ಸಾಕು, ಎಷ್ಟು ಹೊತ್ತಿನ ಕೆಲಸ —

“ಆಯ್ತೇನೋ? ಒಳಗೆ ನಿದ್ದೆ ಮಾಡ್ತಿದ್ದೀಯಾ?”

ಬಂದೆ ಮಾವ, ಬಂ