ಬೆಳಗಿನ ಅರ್ಧ ಗಂಟೆಯನ್ನು ಮಾರಿದವರಿಗೆ

ಶೆಟ್ಟಿಹಳ್ಳಿ, ತುಮಕೂರು
ಜುಲೈ ೨೦೦೨

ಅನಂತರಾಜು ಅವರಿಗೆ,

ಹತ್ತು ವರ್ಷ ನಿಮ್ಮನ್ನು ಅನಂತಣ್ಣ ಎಂದು ಕರೆದವಳು ನಾನು. ಇವತ್ತು ಆ ಮಾತು ಪೆನ್ನಿನಿಂದ ಇಳಿಯಲಿಲ್ಲ.

ನಿಮ್ಮ ಸನ್ಮಾನದ ಆಹ್ವಾನ ಪತ್ರಿಕೆ ತಲುಪಿತು. 'ಸರ್ಕಾರಿ ರೇಡಿಯೋವನ್ನು ನಷ್ಟದಿಂದ ಮೇಲೆತ್ತಿದ ದಕ್ಷ ಅಧಿಕಾರಿ' ಎಂದು ಅಚ್ಚು ಹಾಕಿಸಿದ್ದಾರೆ. ಕೆಳಗೆ ನಿಮ್ಮ ಕೈಬರಹ: 'ನಿರೂಪಣೆ ನೀನೇ ಮಾಡಬೇಕಮ್ಮ ಜೈಬಾ, ನಿನ್ನಂಥ ಕಂಠ ಇನ್ನೊಂದಿಲ್ಲ.' ಓದುತ್ತಿದ್ದ ಹಾಗೆ ಬಾಯಲ್ಲಿ ಕಹಿ ನೀರು ಊರಿತು. ಎದ್ದು ಹೋಗಿ ಮುಕ್ಕಳಿಸಿ ಉಗಿದು ಬಂದೆ. ನಾನು ಬರುವುದಿಲ್ಲ.

ಈ ಕಂಠವನ್ನು ಮೈಕಿನ ಮುಂದೆ ಕೂರಿಸಿದವರು ನೀವೇ. ತೊಂಬತ್ತೊಂದರಲ್ಲಿ ನಮ್ಮಮ್ಮ ಬೀಬಿಜಾನ್, ಮದುವೆಯಾಗಬೇಕಾದ ಹುಡುಗಿಯ ದನಿ ಊರೆಲ್ಲ ಕೇಳುವುದೇ ಎಂದು ಹಟ ಹಿಡಿದಿದ್ದಳು. ನೀವು ನಮ್ಮ ಅಂಗಡಿಯ ಹಿಂದಿನ ಕೋಣೆಗೆ ಬಂದು ಚಾಪೆಯ ಮೇಲೆ ಕೂತು ಹೇಳಿದಿರಿ: "ಹಳ್ಳಿ ಹೆಂಗಸ್ರಿಗೆ ಬೇಕಾದ್ದನ್ನ ಅವರ ಮಾತಲ್ಲೇ ಹೇಳೋ ಕೆಲ್ಸ ಇದು. ಸರ್ಕಾರದ ರೇಡಿಯೋ ಅಂದ್ರೆ ಜನರದ್ದು ಕಣಮ್ಮ, ಯಾರ್ದೂ ಅಂಗಡಿ ಅಲ್ಲ." ಅಮ್ಮ ನಂಬಿದಳು. ನಾನೂ ನಂಬಿದೆ.

ಬೆಳಿಗ್ಗೆಯ ಅರ್ಧ ಗಂಟೆ ನಮ್ಮದಾಯಿತು. ಟೇಪ್ ರೆಕಾರ್ಡರ್ ಜೀಪಿಗೆ ಹಾಕಿಕೊಂಡು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳನ್ನು ಸುತ್ತಿದೆವು. ನಿಮ್ಮೂರು ಕಡಬದಲ್ಲಿ, ತೆಂಗಿನ ತೋಟದ ಹನುಮಂತಮ್ಮ "ಅದ್ನ ಬಾಯಿಗ್ಯಾಕ್ಲಾ ತುರುಕ್ತೀಯ ಅನಂತ, ದೂರ ಹಿಡಿ" ಎಂದು ಮೈಕು ಹಿಡಿದ ನಿಮಗೆ ಬೈದದ್ದನ್ನು ನೀವು ಕತ್ತರಿಸದೆ ಹಾಗೇ ಪ್ರಸಾರ ಮಾಡಿದಿರಿ. ಆ ಬೈಗುಳ ಕೇಳಿದ ಮೇಲೆ ಹೆಂಗಸರೆಲ್ಲ ನಮಗೆ ಬಾಯಿಬಿಟ್ಟು ಮಾತಾಡತೊಡಗಿದರು.

ತೊಂಬತ್ತೊಂಬತ್ತರಲ್ಲಿ ತೆಂಗಿಗೆ ನುಸಿ ಬಿತ್ತು. ಕಾಯಿಗಳು ಕಂದಿ, ಬಿರುಕು ಬಿಟ್ಟು, ಹೀಚಿನಲ್ಲೇ ಮುರುಟಿದವು. ರೈತರು ಮರದ ಬೇರಿಗೆ ಔಷಧಿಯ ಪೊಟ್ಟಣ ಕಟ್ಟಲು ಶುರುಮಾಡಿದರು. ಔಷಧಿ ಎಂದು ಹೆಸರು, ಇರುವುದು ವಿಷ. ಅದು ಮರ ಹತ್ತಿ ಕಾಯಿಗೂ ಇಳಿಯುತ್ತದೆ, ಕಟ್ಟಿದ ಮೇಲೆ ಒಂದೂವರೆ ತಿಂಗಳು ಎಳನೀರು ಕೀಳಬೇಡಿ ಎಂದು ಕೃಷಿ ವಿಜ್ಞಾನಿ ನಮ್ಮ ಕಾರ್ಯಕ್ರಮದಲ್ಲಿ ಹೇಳಿದರು. ಆ ಒಂದು ಸಾಲನ್ನು ನೀವು ನನ್ನಿಂದ ದಿನಾ ಓದಿಸಿದಿರಿ. ಎಷ್ಟು ಸಲ ಓದುವುದು ಎಂದು ನಾನು ಗೊಣಗಿದರೆ, "ಯಾವಳೋ ಒಬ್ಬ ತಾಯಿ ನಿನ್ನೆ ರೇಡಿಯೋ ಹಾಕಿಲ್ದೆ ಇರಬಹುದು, ಓದು" ಎಂದಿರಿ. ಅವತ್ತು ನಿಮ್ಮ ಮೇಲೆ ನನಗಿದ್ದ ಗೌರವವನ್ನು ಏನೆಂದು ಹೇಳಲಿ!

ಆಮೇಲೆ ನಿಮಗೆ ಬಡ್ತಿಯಾಗಿ ದೆಹಲಿಗೆ ಹೋದಿರಿ. ಸರ್ಕಾರ ರೇಡಿಯೋಗೆ ಕೊಡುವ ಅನುದಾನ ಕಡಿತ ಮಾಡಿತು, ಕೇಂದ್ರಗಳು ತಮ್ಮ ಅನ್ನ ತಾವೇ ದುಡಿದುಕೊಳ್ಳಲಿ ಎಂದಿತು. ಕತ್ತರಿ ಹಿಡಿದು, ನಮ್ಮ ಕೇಂದ್ರದ ಮುಖ್ಯಸ್ಥರಾಗಿ ದೆಹಲಿಯಿಂದ ವಾಪಸು ಬಂದವರು ನೀವು. ಹಳ್ಳಿ ಸುತ್ತುವ ಜೀಪು ನಿಂತಿತು. ವಿಜ್ಞಾನಿಗಳನ್ನು ಕರೆಸುವುದು ನಿಂತಿತು. ಕೊನೆಗೆ ಬೆಳಗಿನ ಅರ್ಧ ಗಂಟೆಯನ್ನೇ ಒಂದು ಕಂಪನಿಗೆ ಕೊಟ್ಟಿರಿ. ಅದೂ ಎಂಥ ಕಂಪನಿ? ತೆಂಗಿನ ಬೇರಿಗೆ ಕಟ್ಟುವ ಅದೇ ವಿಷವನ್ನು ಮಾರುವವರು!

ಅವರು ಬರೆದುಕೊಟ್ಟದ್ದನ್ನು ನಾನು, ಹಳ್ಳಿ ಹೆಂಗಸರು ನಂಬಿ ಕರೆಯುತ್ತಿದ್ದ 'ರೇಡಿಯೋ ಅಕ್ಕ'ನ ದನಿಯಲ್ಲಿ ಓದಬೇಕಿತ್ತು. ಅದರಲ್ಲಿ ಎಳನೀರಿನ ಎಚ್ಚರಿಕೆ ಇರಲಿಲ್ಲ. ನಾನು ಪೆನ್ನಿನಲ್ಲಿ ಸೇರಿಸಿದೆ, ಕಂಪನಿಯವನು ಹೊಡೆದು ಹಾಕಿದ. ನಿಮ್ಮ ಕೋಣೆಗೆ ಓಡಿಬಂದೆ. ನೀವು ನನ್ನ ಮುಖ ನೋಡಲಿಲ್ಲ. "ದುಡ್ಡು ಕೊಡೋರು ಅವರು ಕಣಮ್ಮ, ಅವರ ಮಾಲಿಗೆ ನಾವೇ ಮಸಿ ಬಳಿಯಕ್ಕಾಗುತ್ತಾ?" ಎಂದಿರಿ. ನಾನು ಓದಲಿಲ್ಲ. ಮರುದಿನದಿಂದ ನನಗೆ ಕರೆ ಬರಲಿಲ್ಲ, ಬೇರೊಬ್ಬ ಹುಡುಗಿ ಓದಿದಳು.

ಹನುಮಂತಮ್ಮ ಬಸ್ಸು ತುಂಬ ಹೆಂಗಸರನ್ನು ಕರಕೊಂಡು ಕೇಂದ್ರದ ಬಾಗಿಲಿಗೆ ಬಂದದ್ದು ನೆನಪಿದೆಯೇ? "ಕೇಳೋರು ಕಮ್ಮಿ, ಖರ್ಚು ಜಾಸ್ತಿ, ಸರ್ಕಾರ ಎಷ್ಟು ದಿನ ಅಂತ ಸಾಕುತ್ತೆ?" ಎಂದಿರಿ ನೀವು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು: "ಕಡಬದ ಕೆರೆ ಏನ್ ದುಡ್ ತಂದ್ಕೊಡ್ತದೇನ್ಲಾ? ನಾಳೆ ಅದ್ನೂ ಮಾರ್ಬುಡ್ತೀಯಾ?" ನೀವು ಗಡಿಯಾರ ನೋಡಿಕೊಂಡು ಕಾರು ಹತ್ತಿದಿರಿ. ಅನುದಾನ ಕಡಿದದ್ದು ಸರ್ಕಾರ, ನಿಜ. ಆದರೆ ಬೇಡ ಎನ್ನಲು ನಿಮಗೆ ಬಾಯಿತ್ತು. ಲಾಭ ತರದ ಕಿವಿಗಳಿಗೆ ನಿಜ ಹೇಳಲೆಂದೇ ಜನರ ತೆರಿಗೆಯಿಂದ ರೇಡಿಯೋ ಕಟ್ಟಿದ್ದಲ್ಲವೇ? ಮಾಲು ಕೂಗಿ ಮಾರುವವನಿಗೆ ಸಂತೆ ಸಾಲದೇ?

ಹೋದ ವಾರ ಅಮ್ಮನನ್ನು ಆಸ್ಪತ್ರೆಗೆ ತೋರಿಸಲು ಹೋಗಿದ್ದೆ. ಚೀಟಿ ಬರೆಸಲು ನನ್ನ ಹೆಸರು ಹೇಳುತ್ತಿದ್ದಾಗ, ದನಿ ಗುರುತು ಹಿಡಿದು ಒಬ್ಬ ಹೆಂಗಸು ಹತ್ತಿರ ಬಂದಳು. ಪ್ರೇಮಲತಾ ಎಂದು, ಕುಣಿಗಲ್ ಹತ್ತಿರದ ಹಳ್ಳಿಯವಳು. ಗಂಡ ಕಂಪನಿಯವರ ಬೆಳಗಿನ ಕಾರ್ಯಕ್ರಮ ಕೇಳಿ ಮರಗಳಿಗೆ ಪೊಟ್ಟಣ ಕಟ್ಟಿದ್ದ. ನಾಲ್ಕು ದಿನ ಬಿಟ್ಟು ಮಗಳಿಗೆ ಜ್ವರ ಬಂತೆಂದು ಇವಳೇ ಎಳನೀರು ಇಳಿಸಿ ಕುಡಿಸಿದ್ದಾಳೆ. ಮಗು ವಾಂತಿ ಮಾಡಿ, ಬಾಯಲ್ಲಿ ನೊರೆ ಬಂದು, ಕಣ್ಣು ಮೇಲೆ ಮಾಡಿತಂತೆ. ವೈದ್ಯರು ಉಳಿಸಿದ್ದಾರೆ. ಇನ್ನೂ ನೆಟ್ಟಗೆ ನಿಲ್ಲಲು ಬರುವುದಿಲ್ಲ.

ಪ್ರೇಮಲತಾ ನನ್ನನ್ನು ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡು ಕೇಳಿದಳು: "ಎಲ್ಲಾನೂ ಹೇಳ್ತಿದ್ರಲ್ಲ, ಇದನ್ನ ಯಾಕಕ್ಕಾ ನೀವು ಹೇಳ್ನಿಲ್ಲ?"

ಬರುವ ಸೋಮವಾರದಿಂದ ಹನುಮಂತಮ್ಮ, ನಾನು, ಕುಣಿಗಲ್ಲಿನ ಹೆಂಗಸರು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುತ್ತೇವೆ. ರೇಡಿಯೋಗೆ ಕಡಿದ ಹಣ ವಾಪಸು ಬರಲಿ, ನಮ್ಮ ಹೊತ್ತು ನಮಗೆ ಸಿಗಲಿ, ಅಲ್ಲಿಯವರೆಗೆ ಏಳುವುದಿಲ್ಲ. ಪ್ರೇಮಲತಾಳೂ ಮಗುವನ್ನು ಎತ್ತಿಕೊಂಡು ಬರುತ್ತೇನೆ ಎಂದಿದ್ದಾಳೆ. ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಬಂದು ಅವಳ ಎದುರಿಗೆ ನಿಂತು ಹೇಳಿ.

ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆಂದು ಕೇಳಿದೆ. ಅವಳಿಗೆ ನಿಜ ಹೇಳುವವರು ಸಿಗಲಿ. ಅಲ್ಲಾಹು ಅವಳನ್ನು ಚೆನ್ನಾಗಿಟ್ಟಿರಲಿ.

ಇನ್ನು ನಿಮ್ಮ ಹಂಗಿಲ್ಲದ,
ಜೈಬಾ