ಗುಂಡಿ ಹೂವಿನ ಕಾರ್ಡು

ಬೆಳ್ಮಣ್,
೧೧ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ಅಂಗಾರನಿಗೆ,

ಅಕ್ಕ ಸುಂದರಿಯ ಆಶೀರ್ವಾದಗಳು. ನಿನ್ನ ಸಕ್ಕರೆ ಕಾಯಿಲೆ ಈಗ ಹೇಗುಂಟು? ಕಳೆದ ಸಲ ಬಂದಾಗ ಚಹಾಕ್ಕೆ ಸಕ್ಕರೆ ಬೇಡವೆಂದು ಹೇಳಿ ಆಮೇಲೆ ಡಬ್ಬದಿಂದ ಬೆಲ್ಲದ ತುಂಡು ಕದ್ದು ತಿಂದದ್ದನ್ನು ನಾನು ನೋಡಿದ್ದೇನೆ, ಮಾನಸಳಿಗೆ ಹೇಳಿಲ್ಲ. ಅವಳ ಬೆನ್ನುನೋವು ಕಡಿಮೆಯಾಯಿತಾ? ಲಕ್ಷಿತ್‌ನಿಗೆ ಈ ವರ್ಷ ಹತ್ತನೆಯ ತರಗತಿ, ಅವನಿಗೆ ರಾತ್ರಿ ಬೇಗ ಮಲಗಲು ಹೇಳು. ನನ್ನ ಮೊಣಕಾಲು ಮಳೆಗಾಲದಲ್ಲಿ ಹಠ ಮಾಡುತ್ತದೆ, ಅದು ಬಿಟ್ಟರೆ ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂತ ಬರೆದದ್ದು ರೂಢಿಯಿಂದ. ನಿಜ ಹೇಳಬೇಕೆಂದರೆ ಹನ್ನೆರಡು ದಿನಗಳಿಂದ ನನಗೆ ಅನ್ನ ಸೇರುತ್ತಿಲ್ಲ, ಮತ್ತು ಅದಕ್ಕೆ ಕಾರಣ ನೀನು.

ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ, ಮೂರನೆಯ ಸಲ ಮೀಟಿಂಗ್ ಅಂದೆ, ನಾಲ್ಕನೆಯ ಸಲ ಮಾನಸ ಎತ್ತಿ ಸ್ನಾನಕ್ಕೆ ಹೋಗಿದ್ದಾರೆ ಅತ್ತಿಗೆ ಅಂದಳು. ಸಂಜೆ ನಾಲ್ಕು ಗಂಟೆಗೆ ಯಾವ ಸ್ನಾನ? ಪಾಪದವಳಿಗೆ ಸುಳ್ಳು ಹೇಳಿಸಬೇಡ, ಅವಳಿಗೆ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಬಂದಾಗ ಸ್ನಾನಕ್ಕೆ ಹೋದರೂ ಅದು ಮೇಜಿನ ಮೇಲೆ ಕಾಯುತ್ತದೆ.

ಸಂಗತಿ ಇಷ್ಟು. ನಮ್ಮ ಕಾಲೊನಿಯ ಹಿಂದಿನ ಪದವಿನಲ್ಲಿ, ಆ ನಲವತ್ತು ಎಕರೆ ಕಲ್ಲಿನ ಬಯಲಿನಲ್ಲಿ, ಗೋದಾಮುಗಳನ್ನು ಕಟ್ಟುತ್ತಾರಂತೆ. ಲಾರಿ ನಿಲ್ಲಿಸುವ ಜಾಗ, ಡಾಮರು ರಸ್ತೆ, ಸುತ್ತಲೂ ಕಾಂಪೌಂಡು. ಈ ತಿಂಗಳ ಇಪ್ಪತ್ತೈದಕ್ಕೆ ಪಂಚಾಯತಿ ಸಭಾಭವನದಲ್ಲಿ ಅಹವಾಲು ಸಭೆ. ಇದು ನಿನಗೆ ಗೊತ್ತಿಲ್ಲದ ಸುದ್ದಿ ಅಲ್ಲ ಎಂಬುದು ನನಗೆ ಗೊತ್ತಾದದ್ದೇ ಹನ್ನೆರಡು ದಿನಗಳ ಹಿಂದೆ. ಮಣಿಪಾಲದ ಆಫೀಸಿಗೆ ಮೂರು ಸಲ ಅಲೆದು ಗೋದಾಮಿಗಾಗಿ ಮಾಡಿಸಿದ ಪರಿಸರ ವರದಿಯ ಪ್ರತಿ ತಂದೆ. ಎಲ್ಲ ಇಂಗ್ಲಿಷು. ನೆಲ ನೀರು ಕಳೆದುಕೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದರೆ ಇವರ ಕೈ ಸವೆಯುತ್ತದಲ್ಲ! ಕಲ್ಯಾಣಪುರಕ್ಕೆ ಹೋಗಿ ಆನ್ಸಿಲ್ಲಾ ಟೀಚರ ಮುಂದೆ ಇಟ್ಟೆ. ನಮಗಿಬ್ಬರಿಗೂ ಅಕ್ಷರ ಕಲಿಸಿದ ಟೀಚರು, ಎಂಬತ್ತಮೂರು ವಯಸ್ಸು, ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಓದಿ ಹೇಳಿದರು. ಸ್ಥಳದಲ್ಲಿ ಅಕೇಶಿಯ, ಲಂಟಾನ ಮತ್ತು ಒಣ ಹುಲ್ಲು. ಗಮನಾರ್ಹ ಸಸ್ಯಗಳು ಇಲ್ಲ. ಬಂಜರು ಕಲ್ಲುಭೂಮಿ. ಕೊನೆಯ ಪುಟಕ್ಕೆ ಬಂದವರು ಭೂತಗನ್ನಡಿ ಕೆಳಗಿಟ್ಟರು. ಆಮೇಲೆ, “ಸುಂದರಿ, ಇದು ನಮ್ಮ ಅಂಗಾರನಾ?” ಅಂತ ಕೇಳಿದರು.

ಸಸ್ಯಶಾಸ್ತ್ರ ತಜ್ಞ, ಡಾ. ಅಂಗಾರ ಬೆಳ್ಮಣ್. ಕೆಳಗೆ ನಿನ್ನ ಸಹಿ. ಊರಿನ ಹೆಸರನ್ನು ನಿನ್ನ ಹೆಸರಿನ ಬಾಲಕ್ಕೆ ಕಟ್ಟಿಕೊಂಡು, ಆ ಊರಿನಲ್ಲಿ ಏನೂ ಬೆಳೆಯುವುದಿಲ್ಲ ಅಂತ ಸಹಿ ಹಾಕಿದ್ದೀಯಲ್ಲ!

ಸಮೀಕ್ಷೆ ನಡೆದ ದಿನಾಂಕವೂ ಅದರಲ್ಲಿ ಉಂಟು. ಫೆಬ್ರವರಿ ಹದಿನೆಂಟು. ಆ ದಿನ ನೀನು ನನ್ನ ಮನೆಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಉಂಡೆ. ಎರಡು ಸಲ ಬಡಿಸಿಕೊಂಡೆ. ಎಂತ ಇದ್ದಕ್ಕಿದ್ದಂತೆ ಬಂದೆ ಅಂತ ಕೇಳಿದ್ದಕ್ಕೆ, ಈ ಕಡೆ ಸ್ವಲ್ಪ ಕೆಲಸ ಇತ್ತು ಅಕ್ಕ ಅಂದೆ. ನಮ್ಮ ಬಾವಿಯ ನೀರು ಕುಡಿದು, ಇಂಥ ನೀರು ಧಾರವಾಡದಲ್ಲಿ ಎಲ್ಲಿ ಸಿಗುತ್ತದೆ ಅಂದೆ. ಬಾಟಲಿಗೂ ತುಂಬಿಸಿಕೊಂಡು ಹೋದೆ. ಆ ನೀರು ಪದವಿನಿಂದ ಇಳಿಯುವ ನೀರು ಮಾರಾಯ. ಮಳೆಗಾಲದಲ್ಲಿ ಕಲ್ಲಿನ ಹೊಂಡಗಳಲ್ಲಿ ನಿಂತು, ಕಲ್ಲಿನ ತೂತುಗಳಲ್ಲಿ ಇಳಿದು, ಇಪ್ಪತ್ತೆರಡು ಮನೆಗಳ ಒಂದೇ ಬಾವಿಗೆ ಬರುವ ನೀರು. ನನ್ನ ಕೈಯಿಂದ ಊಟ ಮಾಡಿ, ಬೂಟು ಹಾಕಿಕೊಂಡು, ಕಾರಿನಲ್ಲಿ ಪದವಿಗೆ ಹೋಗಿ, ಇಲ್ಲಿ ಏನೂ ಇಲ್ಲ ಅಂತ ಬರೆದುಕೊಂಡು ಹೋದವನು ನನ್ನ ತಮ್ಮನೇ ಅಂತ ನಂಬಲು ನನಗೆ ಎರಡು ದಿನ ಬೇಕಾಯಿತು.

ಫೆಬ್ರವರಿಯಲ್ಲಿ ಪದವಿನಲ್ಲಿ ಏನಿರುತ್ತದೆ? ಸುಟ್ಟ ಕಾವಲಿಯ ಹಾಗೆ ಕಪ್ಪು ಕಲ್ಲು. ಅದು ಬೇರೆಯವರಿಗೆ ಗೊತ್ತಿಲ್ಲದಿರಬಹುದು. ಜೂನ್ ಹದಿನೈದಕ್ಕೆ ಅದೇ ಕಲ್ಲು ಹಸುರಾಗುತ್ತದೆ, ಆಗಸ್ಟಿನಲ್ಲಿ ಕಾಲಿಡಲು ಜಾಗ ಇಲ್ಲದ ಹಾಗೆ ಹೂ ಬಿಡುತ್ತದೆ, ಅಕ್ಟೋಬರಿನಲ್ಲಿ ಹೇಳದೆ ಕೇಳದೆ ಮಾಯವಾಗುತ್ತದೆ ಎಂಬುದು ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ನಿನಗೆ. ಮಲಗಿದವರನ್ನು ಸತ್ತರೆಂದು ಬರೆದುಕೊಡುವ ಡಾಕ್ಟರನಿಗೆ ಜನ ಎಂತ ಮಾಡುತ್ತಾರೆ ಹೇಳು?

ನೆನಪು ಮಾಡಿಕೊಡಬೇಕಾ? ಎಂಬತ್ತೆಂಟರಲ್ಲಿ ನಿನ್ನನ್ನು ಉಡುಪಿಯ ಹಾಸ್ಟೆಲಿಗೆ ಬಿಟ್ಟು ಬಂದೆವು. ನನ್ನನ್ನು ಅದಕ್ಕೆ ಮೂರು ವರ್ಷ ಮೊದಲೇ ಶಾಲೆ ಬಿಡಿಸಿ ಬೀಡಿಯ ಮೊರ ಮಡಿಲಲ್ಲಿ ಇಟ್ಟಾಗಿತ್ತು. ನೀನು ಹಾಸ್ಟೆಲಿನಲ್ಲಿ ಅಳುತ್ತೀ ಅಂತ ಸುದ್ದಿ ಬಂತು. ಆನ್ಸಿಲ್ಲಾ ಟೀಚರು ಒಂದು ಕಟ್ಟು ಪೋಸ್ಟ್ ಕಾರ್ಡು, ಆರು ಬಣ್ಣದ ಪೆನ್ಸಿಲು ಕೊಟ್ಟು, ತಮ್ಮನಿಗೆ ಏನಾದರೂ ಬಿಡಿಸಿ ಕಳಿಸು ಅಂದರು. ಎಂತ ಬಿಡಿಸುವುದು? ಊರ ಒಡೆಯರ ಗುತ್ತಿನ ಮನೆಯ ಅಂಗಳದ ಮಲ್ಲಿಗೆಯನ್ನು ನಾವು ಬೇಲಿಯ ಹೊರಗಿನಿಂದ ನೋಡಬಹುದಿತ್ತು, ಹತ್ತಿರ ಹೋದರೆ ನಾಯಿ ಬಿಡುತ್ತಿದ್ದರು. ದೇವರಿಗೆ ಮೀಸಲಾದ ಹೂವಿನ ಮೇಲೆ ನಮ್ಮ ನೆರಳು ಬೀಳಬಾರದಿತ್ತು. ಪದವಿನ ಹೂವಿಗೆ ಮಾತ್ರ ಬೇಲಿ ಇರಲಿಲ್ಲ, ದೇವರೂ ಇರಲಿಲ್ಲ. ಹುಲ್ಲು ಹೆರೆಯಲು ಹೋಗುವಾಗ ಅಮ್ಮ ಕುಕ್ಕರಗಾಲಲ್ಲಿ ಕುಳಿತು, “ಪೂ ತೂಲ ಮಗಾ” ಅಂತ ತೋರಿಸುತ್ತಿದ್ದಳು. ಹೂ ನೋಡು ಮಗಾ ಅಂತ ಅವಳು ತೋರಿಸಿದ್ದು ಅಷ್ಟೇ, ಕೊಡಿಸಲು ಅವಳ ಹತ್ತಿರ ಬೇರೆ ಏನಿತ್ತು? ಅವಳು ತೋರಿಸಿದ್ದನ್ನು ನಾನು ಕಾರ್ಡಿನ ಮೇಲೆ ಬಿಡಿಸಿದೆ. ನೀರಿನಲ್ಲಿ ನಿಂತ ನೀಲಿ ಚುಕ್ಕಿ, ಅಮ್ಮ ಅದಕ್ಕೆ ಬೊಟ್ಟು ಹೂ ಅನ್ನುತ್ತಿದ್ದಳು. ಅಂಗಿಯ ಗುಂಡಿಯ ಹಾಗೆ ಬೆಳ್ಳಗೆ ಉರುಟಾಗಿ ಇರುವುದು ಗುಂಡಿ ಹೂ. ನೊಣ ಹಿಡಿದು ತಿನ್ನುವ ಕೆಂಪು ಅಂಟುಹುಲ್ಲು. ಕಾಪುವಿಗೆ ಮೀನು ಒಣಗಿಸುವ ಕೆಲಸಕ್ಕೆ ಹೋದಾಗ ಕಡಲ ಬದಿಯ ಬಂಗಡೆ ಬಳ್ಳಿ. ಕೆಳಗೆ ಒಂದೇ ಸಾಲು: ಇದರ ಹೆಸರು ಹೇಳು.

ನೀನು ಹೇಳುತ್ತಿದ್ದೆ. ಒಂದೊಂದು ಕಾರ್ಡಿಗೂ ಒಂದೊಂದು ಕಾರ್ಡು. ಲೈಬ್ರರಿಯಲ್ಲಿ ಹುಡುಕಿ, ಮೇಷ್ಟರನ್ನು ಕಾಡಿ, ಉದ್ದುದ್ದ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು, ಅಮ್ಮ ಇದಕ್ಕೆ ಎಂತ ಅನ್ನುತ್ತಾಳೆ ಅಂತ ತಿರುಗಿ ಕೇಳುತ್ತಿದ್ದೆ. ಹಾಗೆ ನೀನು ಅಳುವುದು ಬಿಟ್ಟೆ. ಹಾಗೆ ನೀನು ಡಾಕ್ಟರ್ ಆದೆ. ಆ ಹೆಸರುಗಳನ್ನು ಬೀಡಿ ಕಟ್ಟುತ್ತಾ ಬಾಯಿಪಾಠ ಮಾಡಿ ನಾನೂ ಏನೋ ಆದೆ. ತೊಂಬತ್ತೆರಡರಲ್ಲಿ ದಲಿತ ಸಂಘಟನೆಯ ಜಾಥಾದಲ್ಲಿ ಮೊದಲ ಸಲ ಮೈಕ್ ಹಿಡಿದಾಗ ನಾಲಿಗೆ ತೊದಲದೆ ಇದ್ದದ್ದು ಆ ಲ್ಯಾಟಿನ್ ಉರುಹೊಡೆದದ್ದರಿಂದಲೇ ಅಂತ ನಾನು ಈಗಲೂ ಹೇಳುತ್ತೇನೆ, ಎಲ್ಲರೂ ನಗುತ್ತಾರೆ.

ಆಮೇಲೆ ನೀನು ಹೂವಿನ ಪೋಸ್ಟ್ ಕಾರ್ಡುಗಳ ದೊಡ್ಡ ಸಂಗ್ರಾಹಕನಾದೆ. ಹಾಲೆಂಡಿನ ಟ್ಯೂಲಿಪ್, ಜಪಾನಿನ ಚೆರ್ರಿ, ಎಲ್ಲೆಲ್ಲಿನ ಆರ್ಕಿಡ್. ನಾನು ನಿನ್ನ ಧಾರವಾಡದ ಮನೆಗೆ ಬಂದಾಗ ಗಾಜಿನ ಕಪಾಟಿನಲ್ಲಿ ಆಲ್ಬಮ್‌ಗಳನ್ನು ತೋರಿಸಿದೆ, ಕೈ ತೊಳೆದುಕೊಂಡು ಮುಟ್ಟು ಅಕ್ಕ ಅಂದೆ. ನನ್ನ ಕಾರ್ಡುಗಳೆಲ್ಲಿ ಅಂತ ಕೇಳಿದೆ. ನೀನು ಮಾತು ತಪ್ಪಿಸಿದೆ. ಮಾನಸ ಸ್ಟೂಲು ಹತ್ತಿ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿ ಕೊಟ್ಟಳು. ಆಗ ನೀನು ನನಗೆ ಪಾಠ ಹೇಳಿದೆ: ಅಂಚೆಯ ಮುದ್ರೆ ಬಿದ್ದ ಕಾರ್ಡಿಗೆ ಸಂಗ್ರಾಹಕರಲ್ಲಿ ಬೆಲೆ ಇಲ್ಲ, ಮುಂದೆ ಕಳಿಸುವುದಾದರೆ ಕವರಿನಲ್ಲಿ ಹಾಕಿ ಕಳಿಸು, ಚಿತ್ರ ಚೊಕ್ಕ ಇರುತ್ತದೆ. ನಾನು ಅಂದೇ ಕಾರ್ಡು ಕಳಿಸುವುದನ್ನು ನಿಲ್ಲಿಸಿದೆ, ನಿನಗೆ ಅದು ಗೊತ್ತೂ ಆಗಲಿಲ್ಲ. ಈಗ ಕೇಳು. ನೀನು ಕೊಳೆ ಅಂದ ಆ ಕಪ್ಪು ಮುದ್ರೆಯಲ್ಲೇ ಊರು ಉಂಟು, ತಾರೀಕು ಉಂಟು. ಬೆಳ್ಮಣ್, ಆಗಸ್ಟ್. ಬೆಳ್ಮಣ್, ಸೆಪ್ಟೆಂಬರ್. ವರ್ಷದ ಮೇಲೆ ವರ್ಷ. ಯಾವ ತಿಂಗಳಲ್ಲಿ ಯಾವ ಹೂ ಎಂದು ಸರಕಾರವೇ ಒತ್ತಿ ಕೊಟ್ಟ ದಾಖಲೆ ಅದು. ಅದರ ಅರ್ಧ ನಿನ್ನ ಅಟ್ಟದಲ್ಲಿ ಉಂಟು. ಇನ್ನರ್ಧ, ನಿನ್ನ ಉತ್ತರಗಳು, ನಲವತ್ತೊಂದು ಕಾರ್ಡು, ನನ್ನ ಕಪಾಟಿನಲ್ಲಿ.

ಪಂಚಾಯತಿ ಮೆಂಬರ್ ಗಣಪ ಗೊತ್ತಲ್ಲ, ಗೋದಾಮಿನ ಕಂಪನಿಗೆ ಜಾಗ ಮಾಡಿಸಿಕೊಟ್ಟವನು ಅವನೇ. ಮೊನ್ನೆ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ವರದಿ ಸುಳ್ಳು ಅಂದೆ. ಅವನು ಕುರ್ಚಿಗೆ ಒರಗಿಕೊಂಡು, “ಎಂತ ಸುಂದರಕ್ಕ, ನಿಮ್ಮ ತಮ್ಮನೇ ಬರೆದದ್ದಲ್ವಾ? ಮನೆಯಲ್ಲೇ ಕೇಳಿಕೊಂಡು ಬರಬಹುದಿತ್ತು” ಅಂದ. ಸಭೆಯೆಲ್ಲ ನಕ್ಕಿತು. ನಮ್ಮ ಕಾಲೊನಿಯವರು ನಗಲಿಲ್ಲ, ನೆಲ ನೋಡಿದರು. ಲಾಠಿ ತಿಂದಿದ್ದೇನೆ, ಕಾರ್ಕಳದ ಠಾಣೆಯಲ್ಲಿ ಎರಡು ದಿನ ಕೂತಿದ್ದೇನೆ, ಮೂವತ್ತು ವರ್ಷಗಳಲ್ಲಿ ನನ್ನ ಬಾಯಿ ಕಟ್ಟಿದ್ದು ಆ ಒಂದು ಮಾತಿಗೆ. ನಿನ್ನನ್ನು ಅವರು ಯಾಕೆ ಆರಿಸಿದರು ಅಂತ ಯೋಚಿಸಿದೆಯಾ? ಸಸ್ಯಶಾಸ್ತ್ರಜ್ಞರು ಮಣಿಪಾಲದಲ್ಲಿ ಇರಲಿಲ್ಲವಾ? ನಿನ್ನ ಡಾಕ್ಟರೇಟ್ ನೋಡಿ ಆರಿಸಿದ್ದಲ್ಲ, ವಿಳಾಸ ನೋಡಿ ಆರಿಸಿದ್ದು. ಕಾಲೊನಿಯ ಮಗನೇ ಏನೂ ಇಲ್ಲ ಅಂದ ಮೇಲೆ ಕಾಲೊನಿಯವರು ಬಾಯಿ ತೆರೆಯುವುದು ಹೇಗೆ ಅಂತ. ನಮ್ಮ ಹಟ್ಟಿಯಿಂದ ಎದ್ದು ಹೋದ ಒಬ್ಬ ಕಲಿತವನನ್ನು ಹುಡುಕಿ ತಂದು, ಅವನ ಕೈಯಿಂದಲೇ ನಮ್ಮ ಬಾವಿಗೆ ಮಣ್ಣು ಹಾಕಿಸುತ್ತಿದ್ದಾರೆ. ಇದು ಹಳೆಯ ವಿದ್ಯೆ, ಭಾಷಣಗಳಲ್ಲಿ ನೂರು ಸಲ ಹೇಳಿದ್ದೇನೆ. ಹೇಳುವಾಗ ಆ ಕೈ ಯಾರದ್ದೋ ಅಂದುಕೊಂಡಿದ್ದೆ.

ನಿನ್ನ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಕಾಲೇಜಿನಲ್ಲಿ ನಿನ್ನನ್ನು ಯಾವ ಕಮಿಟಿಗೂ ಸೇರಿಸದೆ ಇಪ್ಪತ್ತು ವರ್ಷ ಮೂಲೆಯಲ್ಲಿ ಕೂರಿಸಿದರು, ಈಗ ಮೊದಲ ಸಲ ಯಾರೋ ತಜ್ಞರೇ ಅಂತ ಕರೆದರು. ಆ ಕರೆ ಎಷ್ಟು ಸಿಹಿ ಅಂತ ನನಗೆ ಗೊತ್ತುಂಟು. ಆದರೆ ಬೆಲ್ಲದ ತುಂಡಿನ ಹಾಗೆ ಅದನ್ನೂ ಕದ್ದು ತಿಂದೆಯಲ್ಲ! ಅಕ್ಕ, ಇಂಥದ್ದೊಂದು ಕೆಲಸ ಬಂದಿದೆ, ಏನು ಮಾಡಲಿ ಅಂತ ಒಂದು ಮಾತು ಕೇಳಬಹುದಿತ್ತು. ಅಮ್ಮ ಇದ್ದಿದ್ದರೆ ಬೈಯುತ್ತಿರಲಿಲ್ಲ. ಈ ಮಳೆಯಲ್ಲೇ ನಿನ್ನನ್ನು ಪದವಿಗೆ ಎಳೆದುಕೊಂಡು ಹೋಗಿ, ಕುಕ್ಕರಗಾಲಲ್ಲಿ ಕೂರಿಸಿ, ತೂಲ ಮಗಾ ಅನ್ನುತ್ತಿದ್ದಳು. ನನಗೆ ಅವಳಷ್ಟು ತಾಳ್ಮೆ ಇಲ್ಲ.

ಆ ಡಬ್ಬ ತೆಗೆದುಕೊಂಡು ಬಾ. ಸಭೆಗೆ ಮೊದಲೇ ಬಾ. ಪದವಿನಲ್ಲಿ ಈಗ ಹೂ ಉಂಟು, ಬರಿಗಾಲಲ್ಲಿ ನಡೆದು ನೋಡು, ಆಮೇಲೆ ಸಭೆಯಲ್ಲಿ ನಿಂತು ನಾನು ತಪ್ಪು ತಿಂಗಳಲ್ಲಿ ನೋಡಿದೆ ಅಂತ ಹೇಳು. ಅಷ್ಟೇ ಸಾಕು. ಗಣಪ ನಗಲಿ, ಕಂಪನಿ ಬೈಯಲಿ, ನಿನ್ನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ.

ಮಾನಸಳಿಗೆ ನನ್ನ ಪ್ರೀತಿ ತಿಳಿಸು. ಲಕ್ಷಿತ್ ತಲೆ ಸವರಿ ಅತ್ತೆಯ ಆಶೀರ್ವಾದ ಹೇಳು. ಬೆಲ್ಲ ತಿನ್ನಬೇಡ.

ಇಂತಿ ನಿನ್ನ ಅಕ್ಕ,
ಸುಂದರಿ

ಮರೆತದ್ದು: ಕಾಗದವನ್ನು ನಿನ್ನ ಇಷ್ಟದ ಹಾಗೆ ಕವರಿನಲ್ಲಿ ಹಾಕುತ್ತಿದ್ದೇನೆ. ಚೊಕ್ಕ ಇರಲಿ ಅಂತ ಅಲ್ಲ, ಪೋಸ್ಟ್‌ಮ್ಯಾನ್ ಚಂದು ಓದಬಾರದು ಅಂತ. ನಿನ್ನ ನಲವತ್ತೊಂದು ಕಾರ್ಡುಗಳನ್ನು ಇವತ್ತು ಬೆಳ್ಮಣ್ ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿದೆ. ಮಾಡಿಸುವಾಗ ಪ್ರತಿಯೊಂದರಲ್ಲೂ ನಿನ್ನ ಹೆಸರಿನ ಮೇಲೆ ನನ್ನ ಬಸ್ಸಿನ ಟಿಕೆಟ್ ಅಡ್ಡ ಇಟ್ಟೆ, ಪ್ರತಿಯಲ್ಲಿ ಹೆಸರು ಕಾಣದ ಹಾಗೆ. ಹಾಗೇ ಮಣಿಪಾಲಕ್ಕೆ ಒಯ್ದೆ, ಆಫೀಸಿನವರು ನೋಡಿ, ಬರೆದವರ ಹೆಸರಿಲ್ಲದ ಕಾಗದ ಯಾವ ಲೆಕ್ಕಕ್ಕೂ ಇಲ್ಲ, ಶುಕ್ರವಾರ ಇಪ್ಪತ್ತೆರಡರ ಸಂಜೆ ಐದರೊಳಗೆ ಹೆಸರಿರುವುದನ್ನು ತನ್ನಿ ಅಂದರು. ಅಲ್ಲಿಯವರೆಗೆ ಟಿಕೆಟ್ ಅಲ್ಲೇ ಇರುತ್ತದೆ. ನೀನು ಬರದಿದ್ದರೆ ಅವತ್ತು ಟಿಕೆಟ್ ತೆಗೆದು ನಿನ್ನ ಹೆಸರಿರುವ ಪ್ರತಿಗಳನ್ನೇ ಕೊಡುತ್ತೇನೆ. ಎಲ್ಲಕ್ಕಿಂತ ಮೇಲಿನದ್ದು ತೊಂಬತ್ತೊಂದರ ಆಗಸ್ಟಿನ ನಿನ್ನ ಕಾರ್ಡು. ಗುಂಡಿ ಹೂವಿನದ್ದು. ಕೊನೆಯ ಸಾಲು ನಿನ್ನದೇ ಅಕ್ಷರ: “ಅಕ್ಕ, ಇದು ಬೇರೆ ಕಡೆ ಇಲ್ಲವಂತೆ, ನಮ್ಮ ಮೇಷ್ಟರೇ ನೋಡಿಲ್ಲವಂತೆ, ಯಾರೂ ಮೆಟ್ಟದ ಹಾಗೆ ನೋಡಿಕೋ.” ನೋಡಿಕೊಳ್ಳುತ್ತಿದ್ದೇನೆ ಅಂಗಾರ. ಮೆಟ್ಟುವ ಕಾಲು ನಿನ್ನದಾದರೂ.