ಗಾಳಿ ಬಾರದ ಒಕ್ಕಣೆ ಕಣ ಮತ್ತು ನನ್ನ ಬಲಭುಜ

ಮಾನ್ಯರೇ,

ನಮ್ಮೂರಿನ ಸಾರ್ವಜನಿಕ ಒಕ್ಕಣೆ ಕಣವನ್ನು ಕಟ್ಟಿಸಿ, ಅದಕ್ಕೆ ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಪಂಚಾಯಿತಿ ಕಚೇರಿಯಲ್ಲಿ ಭದ್ರವಾಗಿ ಇರಿಸಿಕೊಂಡಿರುವ ತಮಗೆ ಈ ಪತ್ರ. ರಸ್ತೆಯ ಮೇಲೆ ರಾಗಿ ಹರಡಿದ್ದಕ್ಕಾಗಿ ಹಾಲಮ್ಮ ಎಂಬ ರೈತ ಮಹಿಳೆಯ ಮೇಲೆ ಮೊಕದ್ದಮೆ ಹೂಡಿಸಲು ತಾವು ಹೊರಟಿದ್ದೀರಿ. ಅದಕ್ಕೆ ಸಾಕ್ಷಿಯಾಗಿ ತಮಗೆ ಬೇಕಿರುವುದು ನನ್ನ ಬಲಭುಜ. ಈ ವಾರವಷ್ಟೇ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದ ಆ ಭುಜ ಸದ್ಯಕ್ಕೆ ಜೋಳಿಗೆಯಂಥ ಪಟ್ಟಿಯೊಳಗೆ ಎದೆಗೆ ಒತ್ತಿಕೊಂಡಿದೆ. ಅದನ್ನು ತಮಗೆ ಒಪ್ಪಿಸಲು ನನಗೆ ಮನಸ್ಸಿಲ್ಲ.

ನಾನು ಐಟಿಐ ಒಂದರಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವುದನ್ನು ಕಲಿಸುವವನು. ಕಡೂರಿನಿಂದ ಬೀರೂರು, ಅಜ್ಜಂಪುರ ದಾಟಿ ಬೈಕಿನಲ್ಲಿ ಊರಿಗೆ ಬರುವುದು ನನ್ನ ದಿನಚರಿ. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡಗಳನ್ನು ಡಾಂಬರಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿಗಳ ಚಕ್ರ ಕಾಳು ಬಿಡಿಸುತ್ತದೆ. ಚಾಲಕರು ಗೊಣಗುತ್ತಲೇ ಅದರ ಮೇಲೆ ಹಾಯಿಸುತ್ತಾರೆ. ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಂಡವರಿಗೆ ಬೈಗುಳ ಬೀಳುವುದೂ ಉಂಟು. ಆ ಸಂಜೆ ಊರ ಹೊರಗಿನ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಬ್ರೇಕ್ ಹಾಕಿದೆ. ಚಕ್ರದ ಕೆಳಗೆ ಇದ್ದದ್ದು ಹಾಲಮ್ಮನ ರಾಗಿ ಹುಲ್ಲು. ಬೈಕು ಜಾರಿತು, ನೆಲಕ್ಕೆ ಕೈಯೂರಿ ಬಿದ್ದೆ. ಭುಜದ ಸ್ನಾಯು ಮೂಳೆಯಿಂದ ಕಿತ್ತುಬಂದಿತ್ತು. ಶಿವಮೊಗ್ಗದಲ್ಲಿ ಅದನ್ನು ಮತ್ತೆ ಮೂಳೆಗೆ ಹೊಲಿದು ಕಳುಹಿಸಿದ್ದಾರೆ.

ಮನೆಗೆ ಮರಳುವಾಗ ತರೀಕೆರೆ ದಾಟಿದ ಮೇಲೂ ರಸ್ತೆಯುದ್ದಕ್ಕೂ ಅದೇ ಒಕ್ಕಣೆ. ಕಾರು ಒಂದೊಂದು ರಾಶಿಯ ಮೇಲೆ ಹತ್ತಿಳಿದಾಗಲೂ ನಾನು ಹಲ್ಲು ಕಚ್ಚಿಕೊಂಡೆ. ಮನೆಯಲ್ಲಿ ಮಲಗುವಂತಿಲ್ಲ; ಮಲಗಿದರೆ ಭುಜ ಜಗ್ಗುತ್ತದೆ. ದಿಂಬುಗಳ ನಡುವೆ ಕುಳಿತೇ ನಿದ್ರಿಸಬೇಕು, ಅಂದರೆ ನಿದ್ರಿಸುವಂತಿಲ್ಲ. ಅಂಗಿಯ ಗುಂಡಿ, ಪೈಜಾಮದ ಲಾಡಿ, ತಲೆಗೆ ನೀರು ಎಲ್ಲಕ್ಕೂ ಹೆಂಡತಿ ತ್ರಿವೇಣಿಯೇ ಬರಬೇಕು. ಎಡಗೈಯಲ್ಲಿ ಮುದ್ದೆ ಮುರಿದರೆ ಸಾರು ಎದೆಗಿಳಿಯುತ್ತದೆ. ಮೆತ್ತನೆಯ ಚೆಂಡೊಂದನ್ನು ಹಿಸುಕುವುದು ನನ್ನ ಬಲಗೈಗೆ ಈಗ ಉಳಿದಿರುವ ಏಕೈಕ ಉದ್ಯೋಗ. ಈ ಕೈ ಮತ್ತೆ ನಕ್ಷೆಯ ಹಲಗೆಯ ಮೇಲೆ ಗೆರೆ ಎಳೆಯುವುದೇ ಎಂದು ವೈದ್ಯರನ್ನು ಕೇಳಿದೆ. "ನೋಡೋಣ" ಎಂದರು. ಕಟ್ಟಡಗಳ ವಿಷಯದಲ್ಲಿ ಈ ಮಾತನ್ನು ನಾನು ಬಹಳ ಕೇಳಿದ್ದೇನೆ. ಅದರ ಅರ್ಥ ನನಗೆ ಗೊತ್ತು.

ಈಗ ತಮ್ಮ ಕಟ್ಟಡಕ್ಕೆ ಬರೋಣ. ಒಕ್ಕಣೆಗೆ ಬೇಕಾದದ್ದು ಏನು? ಬಿಸಿಲು, ಗಾಳಿ, ಚಕ್ರ. ತಾವು ಕಟ್ಟಿಸಿದ ಕಣಕ್ಕೆ ತಗಡಿನ ಮಾಡು ಇದೆ; ಆದ್ದರಿಂದ ಬಿಸಿಲಿಲ್ಲ. ಸುತ್ತಲೂ ಆಳೆತ್ತರದ ಗೋಡೆಯಿದೆ. ಹೊಟ್ಟು ತೂರುವ ಕಾಲದಲ್ಲಿ ಬೀಸುವ ಮೂಡಣ ಗಾಳಿಗೆ ಪ್ರವೇಶವಿಲ್ಲ. ಗೇಟು ಎಷ್ಟು ಕಿರಿದೆಂದರೆ ಟ್ರ್ಯಾಕ್ಟರಿನ ಮೂತಿ ಮಾತ್ರ ಒಳಗೆ ಇಣುಕಬಹುದು. ಯಾವುದೋ ಗೋದಾಮಿನ ನಕ್ಷೆಯ ನೆತ್ತಿಯ ಮೇಲೆ 'ಒಕ್ಕಣೆ ಕಣ' ಎಂದು ಬರೆದು ಮಂಜೂರು ಮಾಡಿದವರು ಯಾರು? ಅವರು ಎಂದಾದರೂ ಕಣದಲ್ಲಿ ಮೊರ ಎತ್ತುವವರನ್ನು ಕಂಡಿದ್ದರೇ? ಜನ ಬಳಸಲಿಲ್ಲ. ಜನ ಬಳಸುತ್ತಿಲ್ಲವೆಂದು ತಾವು ಬೀಗ ಹಾಕಿಸಿದಿರಿ. ತರ್ಕದಲ್ಲಿ ಮಾತ್ರ ಯಾವ ಬಿರುಕೂ ಇಲ್ಲ.

ಮೊನ್ನೆ ತಮ್ಮ ಕಚೇರಿಯ ದೇವರಾಜ ಎಂಬವರು ಟೈಪು ಮಾಡಿದ ಹೇಳಿಕೆಯೊಂದನ್ನು ಹಿಡಿದು ಮನೆಗೆ ಬಂದರು. ಬಿದ್ದದ್ದಕ್ಕೆ ಏಕೈಕ ಕಾರಣ ಹಾಲಮ್ಮ ಎಂದು ಅದರಲ್ಲಿ ನಾನೇ ಹೇಳಿದ್ದೆ. ಕಣದ ಪ್ರಸ್ತಾಪವೇ ಇರಲಿಲ್ಲ.

"ಇಲ್ಲೊಂದ್ ಸೈನ್ ಹಾಕ್ಬಿಡಿ ಸಾರ್, ಫಾರ್ಮಾಲಿಟಿ ಅಷ್ಟೇ."

"ಬಲಗೈ ಕಟ್ಟಿದೆಯಲ್ರೀ."

"ಎಡಗೈ ಹೆಬ್ಬೆಟ್ಟಾದ್ರೂ ನಡೀತದೆ ಸಾರ್. ಇಂಕ್ ಪ್ಯಾಡ್ ತಂದಿದೀನಿ."

ನಾನು ಹೇಳಿಕೆಯನ್ನು ಇರಿಸಿಕೊಂಡು, ಇಂಕ್ ಪ್ಯಾಡನ್ನು ಹಿಂದಿರುಗಿಸಿದೆ.

ಮರುದಿನ ಹಾಲಮ್ಮನೇ ಬಂದಳು. ಬಾಗಿಲಲ್ಲೇ ತ್ರಿವೇಣಿ ತಡೆದಳು.

"ಬಾ ಹಾಲಕ್ಕ. ರಾಗೀನೂ ಒಕ್ಕಿದ್ದಾಯ್ತು, ನಮ್ಮೆಜಮಾನ್ರನ್ನೂ ಒಕ್ಕಿದ್ದಾಯ್ತು. ಇನ್ನೇನ್ ತೂರಾಕ್ ಬಂದೆ?"

"ಬಯ್ಯವ್ವ, ಬಯ್ಯಿ. ಬಯ್ಸ್ಕಳಕ್ಕೇ ಬಂದೀನಿ."

"ಕಣ ಇತ್ತಲ್ಲ ಹಾಲಮ್ಮ, ಬೀಗ ತೆಗೀರಿ ಅಂತ ಕೇಳ್ಬೋದಿತ್ತು," ಎಂದೆ.

"ಅದು ಕಣವಾ ಮೇಷ್ಟ್ರೇ? ಮದ್ವೆ ಛತ್ರ! ಬೀಗ ಹಾಕೋಕ್ ಮುಂಚೆ ಒಂದ್ಸಲ ಮೊರ ಎತ್ತಿದ್ದೆ. ಹೊಟ್ಟೆಲ್ಲಾ ವಾಪಸ್ ನನ್ ತಲೆ ಮ್ಯಾಲೇ ಬಿತ್ತು. ನನ್ ಮದ್ವೇಲೂ ಅಷ್ಟ್ ಅಕ್ಷತೆ ಬಿದ್ದಿರ್ಲಿಲ್ಲ ಕಣಪ್ಪ."

ತ್ರಿವೇಣಿ ನಗು ತೋರಗೊಡದೆ ಒಳಗೆ ಹೋದಳು. ಹಾಲಮ್ಮ ದನಿ ತಗ್ಗಿಸಿ ಕೇಳಿದಳು: "ನೀವು ಸೈನ್ ಹಾಕಿದ್ರೆ ನನ್ನ ಜೈಲಿಗ್ ಹಾಕ್ತಾರಂತೆ, ಹೌದಾ ಮೇಷ್ಟ್ರೇ?"

"ಗೊತ್ತಿಲ್ಲ" ಎಂದೆ. ಗೊತ್ತಿರಲಿಲ್ಲ. ಆಕೆ ಹೋದ ಮೇಲೂ ಆ ಉತ್ತರ ನನ್ನನ್ನು ಭುಜಕ್ಕಿಂತ ಹೆಚ್ಚು ಕಾಡಿತು.

ಹಾಲಮ್ಮನ ತಪ್ಪೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ತಿರುವಿನಲ್ಲಿ ಹರಡಬಾರದಿತ್ತು, ಅದನ್ನು ಆಕೆಯ ಮುಖಕ್ಕೇ ಹೇಳಿದ್ದೇನೆ, ಆಕೆ ಒಪ್ಪಿದ್ದಾಳೆ. ತನ್ನ ತಪ್ಪನ್ನು ಒಪ್ಪಿಕೊಳ್ಳಲು ಆಕೆ ನಮ್ಮ ಮನೆಯವರೆಗೂ ನಡೆದು ಬಂದಳು. ತಾವು ದೇವರಾಜರನ್ನು ಕಳುಹಿಸಿದಿರಿ.

ನನ್ನ ಆಗ್ರಹ ಇಷ್ಟು. ಹಾಲಮ್ಮನ ಮೇಲಿನ ಕ್ರಮವನ್ನು ಕೈಬಿಡಿ. ಕಣದ ಮಾಡನ್ನು ಬಿಚ್ಚಿಸಿ, ಮೂಡಣ ಗೋಡೆಯನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಟ್ರ್ಯಾಕ್ಟರು ನುಗ್ಗುವಷ್ಟು ಗೇಟು ಅಗಲಿಸಿ, ಬೀಗದ ಕೈಯನ್ನು ಊರಿಗೆ ಕೊಡಿ. ಆನಂತರವೂ ರಸ್ತೆಯಲ್ಲಿ ಯಾರಾದರೂ ರಾಗಿ ಹರಡಿದರೆ ದೂರು ಕೊಡುವವರಲ್ಲಿ ನಾನೇ ಮೊದಲಿಗ. ತಿದ್ದಿದ ನಕ್ಷೆ ಬೇಕಿದ್ದರೆ ಬಿಡಿಸಿಕೊಡುತ್ತೇನೆ, ಕೈ ಒಪ್ಪಿದರೆ.

ಈ ಪತ್ರವನ್ನು ನಾನು ಹೇಳಿದಂತೆ ತ್ರಿವೇಣಿ ಬರೆದುಕೊಳ್ಳುತ್ತಿದ್ದಾಳೆ. "ಇಷ್ಟೊಂದು ಖಾರ ಬೇಕಾ?" ಎಂದು ಒಮ್ಮೆ ಪೆನ್ನು ನಿಲ್ಲಿಸಿದಳು; ಛತ್ರದ ಮಾತು ನೆನಪಾಗಿ ಮುಂದುವರಿಸಿದಳು. ತಮ್ಮ ಹೇಳಿಕೆ ನನ್ನ ಮಾತ್ರೆಗಳ ಡಬ್ಬಿಯ ಕೆಳಗೆ ಹಾಗೆಯೇ ಇದೆ. ಅದಕ್ಕೆ ಸಹಿ ಬಿದ್ದಿಲ್ಲ. ಬಲಗೈ ಕಟ್ಟಿರುವುದೇ ಅದಕ್ಕೆ ಕಾರಣವೆಂದು ದಯಮಾಡಿ ಕಡತದಲ್ಲಿ ನಮೂದಿಸಬೇಡಿ. ಈ ಪತ್ರಕ್ಕೆ ಎಡಗೈಯಲ್ಲಿ ನಾನೇ ಸಹಿ ಮಾಡುತ್ತಿದ್ದೇನೆ. ಗೆರೆ ಡೊಂಕಾಗಿದೆ. ಓದಲು ಬರುತ್ತದೆ.

ಇಂತಿ,
ತಮ್ಮ ಕಡತದ 'ಗಾಯಾಳು', ತಮ್ಮ ಸಾಕ್ಷಿಯಲ್ಲದ
ಚಂದ್ರಕುಮಾರ್
ಅಜ್ಜಂಪುರ ತಾಲ್ಲೂಕು